137 ಅಂತ ಬರೆದೆ, ಮಷೀನು 127 ಕೊರೀತು

ಫಸ್ಟ್ ಇಯರ್ ಮುಗಿದ ಮೇಲೆ ನಮ್ಮಲ್ಲಿ ಬಹಳ ಜನಕ್ಕೆ ಒಂದು ಧೈರ್ಯ ಬಂದಿರುತ್ತೆ. ಕಂಪ್ಯೂಟರ್ ಏಡೆಡ್ ಎಂಜಿನಿಯರಿಂಗ್ ಡ್ರಾಯಿಂಗ್ ಪಾಸಾಯ್ತು, ಅಂದ್ರೆ ನಮಗೆ ಕ್ಯಾಡ್ ಬರುತ್ತೆ ಅಂತ. ನನಗೂ ಹಾಗೇ ಆಗಿತ್ತು. ಷಟ್ಕೋನ ಪಿರಮಿಡ್ಡನ್ನು ಎಚ್‌ಪಿ ಮೇಲೆ ಓರೆಯಾಗಿ ನಿಲ್ಲಿಸಿ ಮೂರು ವ್ಯೂ ತೆಗೆದವನಿಗೆ ಒಂದು ಚಪ್ಪಟೆ ಪ್ಲೇಟು ಯಾವ ಲೆಕ್ಕ? ಆ ಚಪ್ಪಟೆ ಪ್ಲೇಟೇ ನನ್ನ ಮಾನ ಕಳೀತು. ಅದರ ಕಥೆ ಹೇಳ್ತೀನಿ, ಯಾಕಂದ್ರೆ ಡ್ರಾಫ್ಟಿಂಗ್‌ನಲ್ಲಿ ಒಳ್ಳೆ ಅಭ್ಯಾಸ ಅಂದ್ರೆ ಏನು ಅಂತ ಲ್ಯಾಬಲ್ಲಿ ಯಾರೂ ಹೇಳದೆ ಇದ್ದದ್ದು ನನಗೆ ಅಲ್ಲಿ ಗೊತ್ತಾಯ್ತು.

ನಮ್ಮೂರು ಕಣಗಲಾ. ಹುಕ್ಕೇರಿ ತಾಲೂಕು, ಸಂಕೇಶ್ವರ ದಾಟಿ ನಿಪ್ಪಾಣಿ ಕಡೆ ಹೋಗುವಾಗ ಹೈವೇ ಮೇಲೆ ಸಿಗುತ್ತೆ. ಹಿಂದೂಸ್ತಾನ್ ಲೇಟೆಕ್ಸ್ ಫ್ಯಾಕ್ಟರಿ ಇರೋ ಊರು ಅಂದ್ರೆ ಕೆಲವರಿಗೆ ಗೊತ್ತಾಗುತ್ತೆ, ಗೊತ್ತಾದವರು ನಗ್ತಾರೆ, ನಮಗೆ ರೂಢಿಯಾಗಿದೆ. ಈ ಕಡೆ ಬೆಳಗಾವಿ, ಆ ಕಡೆ ಕೊಲ್ಹಾಪುರ, ಎರಡೂ ಫೌಂಡ್ರಿ ಊರುಗಳು. ಹೀಗಾಗಿ ಮಧ್ಯದ ಹೈವೇ ಊರುಗಳಲ್ಲಿ ಫ್ಯಾಬ್ರಿಕೇಷನ್ ಶೆಡ್‌ಗಳಿಗೆ ಬರ ಇಲ್ಲ. ರಜೆಯಲ್ಲಿ ಪರಿಚಯದವರ ಒಂದು ಶೆಡ್ಡಿಗೆ ಹೋಗ್ತಿದ್ದೆ. ಅವರು ಮೇವು ಕತ್ತರಿಸೋ ಮಷೀನು ಮಾಡ್ತಾರೆ. ನನಗೆ ಕೊಟ್ಟ ಕೆಲಸ ಬೇರಿಂಗ್ ಕೂರಿಸೋ ಪ್ಲೇಟಿನ ಡ್ರಾಯಿಂಗ್. 240 ಉದ್ದ, 80 ಅಗಲ, 12 ಎಂಎಂ ದಪ್ಪ, ಬೋಲ್ಟಿಗೆ ಎರಡು ತೂತು. ಇಷ್ಟೇ.

ಮೊದಲು ಶಾಫ್ಟ್ 35 ಎಂಎಂ ಇತ್ತು, ಅಂದ್ರೆ ಯುಸಿಪಿ 207 ಬೇರಿಂಗ್. ಅದರ ಬೋಲ್ಟ್ ಸೆಂಟರ್ 127. ಹಾಗೇ ಬರೆದೆ, ಡೈಮೆನ್ಷನ್ ಹಾಕಿದೆ. ಸಂಜೆ ಮನೆಗೆ ಹೊರಟಾಗ ಮಾಲೀಕರು ಬಂದು, ಶಾಫ್ಟ್ 40 ಮಾಡೋಣ, ಬೇರಿಂಗ್ 208 ಹಾಕ್ರಿ ಅಂದ್ರು. 208ಕ್ಕೆ ಬೋಲ್ಟ್ ಸೆಂಟರ್ 137. ಬೋಲ್ಟು ಎರಡಕ್ಕೂ ಅದೇ ಎಂ14, ತೂತು ದೊಡ್ಡದು ಮಾಡೋದು ಬೇಕಿಲ್ಲ. ನನಗೆ ಬಸ್ಸಿನ ಅವಸರ. 127 ಅನ್ನೋ ಅಂಕಿ ಮೇಲೆ ಡಬಲ್ ಕ್ಲಿಕ್ ಮಾಡಿ 137 ಅಂತ ಟೈಪ್ ಮಾಡಿದೆ. ಪಿಡಿಎಫ್ ತೆಗೆದು ಮಾಲೀಕರಿಗೆ ಕಳಿಸಿದೆ, ಡಿಎಕ್ಸ್‌ಎಫ್ ತೆಗೆದು ಲೇಸರ್ ಕಟಿಂಗ್ ಮಾಡೋರಿಗೆ ಕಳಿಸಿದೆ. ಮಾಲೀಕರು ಪಿಡಿಎಫ್ ನೋಡಿದ್ರು, 137 ಇದೆ, ಸರಿ ಅಂದ್ರು.

ಎರಡು ದಿನ ಬಿಟ್ಟು ನಾಲ್ಕು ಮಷೀನಿಗೆ ಬೇಕಾದ 8 ಪ್ಲೇಟು ಬಂದವು. ಬೇರಿಂಗ್ ಇಟ್ಟು ನೋಡಿದ್ರೆ ಒಂದಕ್ಕೂ ಬೋಲ್ಟ್ ಇಳಿಯಲ್ಲ. ಅಲ್ಲಿ ಕೆಲಸ ಮಾಡೋ ಮೇಸ್ತ್ರಿ ಟೇಪು ಹಿಡಿದು ಅಳೆದು, ಪ್ರಿಂಟ್ ನೋಡಿ, ಮತ್ತೆ ಅಳೆದು ಕೇಳಿದ್ರು: "ತಮ್ಮಾ, ಹಾಳ್ಯಾಗ 137 ಐತಿ, ಪ್ಲೇಟಿನ್ಯಾಗ 127 ಐತಿ. ಇಬ್ಬರಾಗ ಸುಳ್ಳ ಹೇಳಾಕತ್ತಿದ್ದು ಯಾರು?"

ಸುಳ್ಳು ಹೇಳಿದ್ದು ನಾನು. ಕಟಿಂಗ್ ಮಾಡಿದವರದು ಏನೂ ತಪ್ಪಿಲ್ಲ. ಡಿಎಕ್ಸ್‌ಎಫ್ ಬಂದ ತಕ್ಷಣ ಅವರು ಮಾಡೋ ಮೊದಲ ಕೆಲಸವೇ ಡೈಮೆನ್ಷನ್, ಟೆಕ್ಸ್ಟು, ಸೆಂಟರ್ ಲೈನು ಎಲ್ಲ ಅಳಿಸಿ ಹಾಕೋದು. ಅವರಿಗೆ ಬೇಕಾದ್ದು ಗೆರೆ ಮಾತ್ರ. ನಾನು ಬದಲಾಯಿಸಿದ್ದು ಅಂಕಿ ಮಾತ್ರ. ಗೆರೆ ಹಳೇ ಜಾಗದಲ್ಲೇ ಇತ್ತು.

ಮೊದಲು ಕೈಯಲ್ಲಿ ಡ್ರಾಯಿಂಗ್ ಬರೀವಾಗ ಅದಕ್ಕೆ ಒಬ್ಬನೇ ಓದುಗ, ಮನುಷ್ಯ. ಅವನು ಅಂಕಿ ಓದ್ತಾನೆ. ಗೆರೆ ಒಂದು ಎಂಎಂ ಆಚೀಚೆ ಇದ್ರೂ ನಡೆಯುತ್ತೆ, ಪ್ರಿಂಟಿನ ಮೇಲೆ ಸ್ಕೇಲ್ ಇಟ್ಟು ಅಳೀಬೇಡಿ ಅಂತಾನೇ ಬರೆದಿರ್ತಾರೆ. ಈಗ ಅದೇ ಫೈಲಿಗೆ ಇಬ್ಬರು ಓದುಗರು. ಮನುಷ್ಯ ಅಂಕಿ ಓದ್ತಾನೆ, ಮಷೀನು ಗೆರೆ ಓದುತ್ತೆ. ಇಬ್ಬರಿಗೂ ಒಂದೇ ಮಾತು ತಲುಪಬೇಕು. ಕ್ಯಾಡ್‌ನಲ್ಲಿ ಒಳ್ಳೆ ಅಭ್ಯಾಸ ಅಂತ ಹೇಳೋದೆಲ್ಲ ನನ್ನ ಪ್ರಕಾರ ಇದಕ್ಕೇ ಬಂದು ನಿಲ್ಲುತ್ತೆ. ಲೇಯರು, ಯೂನಿಟ್ಟು, ಫೈಲಿನ ಹೆಸರು, ಯಾವುದೇ ತಗೊಳ್ಳಿ.

ಕ್ಯಾಡ್‌ನಲ್ಲಿ ಡೈಮೆನ್ಷನ್ ಅಂದ್ರೆ ನಾವು ಬರೆದ ಅಂಕಿ ಅಲ್ಲ, ಅದು ಒಂದು ಅಳತೆ. ಎರಡು ಬಿಂದುಗಳಿಗೆ ಅಂಟಿಕೊಂಡು ನಡುವಿನ ದೂರವನ್ನ ತಾನೇ ಅಳೆದು ತೋರಿಸ್ತಾ ಇರುತ್ತೆ. ಬಿಂದು ಸರಿದ್ರೆ ಅಂಕಿಯೂ ಬದಲಾಗುತ್ತೆ. ಅದರ ಮೇಲೆ ನಾವೇ ಟೈಪ್ ಮಾಡಿದ ಕ್ಷಣ ಆ ಸಂಬಂಧ ಕಡಿದು ಹೋಗುತ್ತೆ. ಆಮೇಲೆ ತೂತನ್ನ ಬೆಂಗಳೂರಿಗೆ ಎಳೆದುಕೊಂಡು ಹೋದ್ರೂ ಅದು 137 ಅಂತಾನೇ ತೋರಿಸುತ್ತೆ. ಆಟೋಕ್ಯಾಡ್‌ನಲ್ಲಿ ಇದನ್ನ ಪತ್ತೆ ಮಾಡೋದು ಸುಲಭ. ಡೈಮೆನ್ಷನ್ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್ ತೆಗೆದ್ರೆ ಟೆಕ್ಸ್ಟ್ ಓವರ್‌ರೈಡ್ ಅನ್ನೋ ಖಾನೆ ಇರುತ್ತೆ, ಅದು ಖಾಲಿ ಇರಬೇಕು. ಏನಾದ್ರೂ ಬರೆದಿದ್ರೆ ಅಳಿಸಿ, ನಿಜವಾದ ಅಳತೆ ವಾಪಸ್ ಬರುತ್ತೆ. "2 ತೂತು" ಅಂತಲೋ "ಟಿವೈಪಿ" ಅಂತಲೋ ಸೇರಿಸಲೇಬೇಕು ಅಂದ್ರೆ ಪೂರ್ತಿ ಅಂಕಿ ಟೈಪ್ ಮಾಡಬೇಡಿ. ಲೆಸ್ ದ್ಯಾನ್, ಗ್ರೇಟರ್ ದ್ಯಾನ್ ಚಿಹ್ನೆ ಎರಡನ್ನೂ ಜೋಡಿಸಿ ಇಟ್ಟು, ಅದರ ಪಕ್ಕ ಬೇಕಾದ್ದು ಬರೀರಿ. ಆ ಚಿಹ್ನೆಗಳ ಜಾಗದಲ್ಲಿ ಅಳತೆ ಜೀವಂತವಾಗಿ ಇರುತ್ತೆ.

ಇದಕ್ಕೆ ಕಾಗದದ ಕಾಲದಲ್ಲೇ ಒಂದು ಪ್ರಾಮಾಣಿಕ ನಿಯಮ ಇತ್ತು ಅಂತ ಆಮೇಲೆ ಗೊತ್ತಾಯ್ತು. ಬಿಐಎಸ್‌ನ ಎಸ್‌ಪಿ 46 ಇದೆಯಲ್ಲ, ಶಾಲಾ ಕಾಲೇಜಿನ ಡ್ರಾಯಿಂಗಿಗೆ ಅಂತಾನೇ ಇರೋ ಪುಸ್ತಕ (ಈಗ ಇರೋದು 2003ರದ್ದು), ಅದರಲ್ಲಿ ಸ್ಕೇಲಿಗೆ ಇಲ್ಲದ ಡೈಮೆನ್ಷನ್ ಕೆಳಗೆ ದಪ್ಪ ಗೆರೆ ಎಳೀಬೇಕು. ಅಂದ್ರೆ, "ಗೆರೆ ನಂಬಬೇಡಪ್ಪ, ಅಂಕಿ ನಂಬು" ಅಂತ ಓದುವವನಿಗೆ ಹೇಳಿಬಿಡೋದು. ನಾನು ಅದನ್ನೂ ಮಾಡಿರಲಿಲ್ಲ. ಮಾಡಿದ್ರೂ ಲೇಸರಿಗೆ ಗೊತ್ತಾಗ್ತಿರಲಿಲ್ಲ ಅನ್ನೋದು ಬೇರೆ ಮಾತು.

ಪ್ಲೇಟು ಏನಾಯ್ತು ಅಂತ ಕೇಳ್ತೀರಾ? ಎರಡೂ ಕಡೆ 5 ಎಂಎಂ ತಾನೇ, ತೂತನ್ನ ಉದ್ದ ಮಾಡಿ ಸ್ಲಾಟ್ ಮಾಡಿಬಿಡೋಣ ಅಂದೆ. ಮೇಸ್ತ್ರಿ ನಕ್ಕರು. "ಬೆಲ್ಟ್ ಎಳದಾಗ ಬೇರಿಂಗ್ ಸರದ ಹೋಗ್ತೈತಿ. ಶಾಫ್ಟ್ ಸೊಟ್ಟ ಆದ್ರ ಬ್ಲೇಡ್ ಬಡೀತೈತಿ. ಅದರ ಮುಂದ ಮಂದಿ ಕೈ ಹಾಕಿ ಮೇವು ತಳ್ಳತಾರ, ಗೊತ್ತೈತಿಲ್ಲೊ?" ಆಗ ನಾನು ಬಾಯಿ ಮುಚ್ಚಿದೆ. ಹಳೇ ತೂತಿಗೆ ವೆಲ್ಡ್ ತುಂಬಿ, ಗ್ರೈಂಡ್ ಮಾಡಿ, ಹೊಸದಾಗಿ ಮಾರ್ಕ್ ಮಾಡಿ ಡ್ರಿಲ್ ಮಾಡಿದ್ರು. 16 ತೂತು, ಒಂದು ಇಡೀ ದಿನ. 8 ಪ್ಲೇಟು ಸೇರಿ ಕಬ್ಬಿಣ 14.5 ಕೆಜಿ ಆಗುತ್ತೆ, ಆ ದುಡ್ಡು ದೊಡ್ಡದಲ್ಲ. ಆದ್ರೆ ಒಬ್ಬ ಮನುಷ್ಯ ನನ್ನ ಎರಡು ಸೆಕೆಂಡಿನ ಟೈಪಿಂಗಿಗೆ ಒಂದು ದಿನ ಬಗ್ಗಿ ನಿಂತು ಡ್ರಿಲ್ ಮಾಡೋದನ್ನ ನೋಡ್ತಾ ಪಕ್ಕದಲ್ಲಿ ನಿಂತಿರೋದು ಇದೆಯಲ್ಲ, ಅದು ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಹೋದಂಗೆ ಅಲ್ಲ.

ಆ ರಜೆ ಪೂರ್ತಿ ಅವರ ಹತ್ರ ಕಲಿತೆ. ಅವರಿಗೆ ಮೌಸ್ ಹಿಡಿಯೋಕೆ ಬರಲ್ಲ, ನನಗೆ ಅಳತೆ ತಗೊಳ್ಳೋಕೆ ಬರ್ತಿರಲಿಲ್ಲ.

ಅಳತೆ ಅಂದ ಕೂಡಲೇ ನಮ್ಮ ಕಡೆಯ ದೊಡ್ಡ ತಲೆನೋವು ಸೂತ. ಬೆಂಗಳೂರು ಮೈಸೂರು ಕಡೆಯವರು ನೂಲು ಅಂತಾರಲ್ಲ, ಅದೇ. ಒಂದು ಇಂಚಿಗೆ 8 ಸೂತ, ಹಾಗಾಗಿ ಒಂದು ಸೂತ ಅಂದ್ರೆ 3.175 ಎಂಎಂ. ಮೇಸ್ತ್ರಿ ಬಾಯಲ್ಲಿ "ಒಂದೂವರಿ ಇಂಚ್ ಎರಡ ಸೂತ" ಅಂತ ಬರುತ್ತೆ. ಲೆಕ್ಕ ಹಾಕಿದ್ರೆ ಅದು 44.45. ಈಗ ಡ್ರಾಯಿಂಗಲ್ಲಿ ಏನು ಬರೀಬೇಕು? 44.45 ಅಂತ ಬರೆದ್ರೆ ಓದುವವನು ಇದೇನೋ ಬಹಳ ನಿಖರವಾದ ಕೆಲಸ ಅಂದ್ಕೊಳ್ತಾನೆ. 45 ಅಂತ ಬರೆದ್ರೆ ಕೆಲವು ಕಡೆ ನಡೆಯುತ್ತೆ, ಬೇರೆ ಭಾಗ ಅದರೊಳಗೆ ಕೂರಬೇಕಾದ ಕಡೆ ನಡೆಯಲ್ಲ. ಇದನ್ನ ಕ್ಯಾಡ್ ಮುಂದೆ ಕೂತು ತೀರ್ಮಾನ ಮಾಡೋಕಾಗಲ್ಲ. ಅಲ್ಲೇ, ಆಗಲೇ ಕೇಳಬೇಕು: ಇದರೊಳಗೆ ಏನು ಕೂರುತ್ತೆ? ಬೋಲ್ಟಿನ ವಿಷಯದಲ್ಲಂತೂ ಇನ್ನೂ ಜಾಗ್ರತೆ ಬೇಕು. "ಮೂರ್ ಸೂತ ಬೋಲ್ಟ್" ಅಂದ್ರೆ 3/8 ಇಂಚು, 9.525 ಎಂಎಂ. ಕೆಲವರು ಎಂ10 ಬೋಲ್ಟಿಗೂ ಮಾತಲ್ಲಿ ಮೂರು ಸೂತ ಅಂತಾನೇ ಅಂತಾರೆ. ತೂತು ಹೇಗೋ ಹೊಂದುತ್ತೆ, ನಟ್ಟು ಹೊಂದಲ್ಲ. ಈಗ ನಾನು ಮಾಡೋದು ಏನಂದ್ರೆ, ನೋಟ್‌ಬುಕ್ಕಲ್ಲಿ ಅವರು ಹೇಳಿದ್ದನ್ನ ಹೇಳಿದ ಹಾಗೇ ಇಂಚು ಸೂತದಲ್ಲಿ ಬರೀತೀನಿ, ಪಕ್ಕದಲ್ಲಿ ಎಂಎಂ ಬರೀತೀನಿ, ಮತ್ತೆ ಓದಿ ಹೇಳ್ತೀನಿ. ಭಾಗ ಕೈಯಲ್ಲಿ ಸಿಕ್ರೆ ವರ್ನಿಯರ್ ಹಾಕ್ತೀನಿ.

ಕ್ಯಾಡ್ ಒಳಗಿನ ಯೂನಿಟ್ಟೂ ಇದೇ ಥರ ಮೋಸ ಮಾಡುತ್ತೆ. ಆಟೋಕ್ಯಾಡ್‌ಗೆ ಎಂಎಂ ಗೊತ್ತಿಲ್ಲ, ಇಂಚೂ ಗೊತ್ತಿಲ್ಲ. ಅದಕ್ಕೆ 240 ಅಂದ್ರೆ 240 ಯೂನಿಟ್, ಅಷ್ಟೇ. ಅದು ಏನು ಅಂತ ಫೈಲಿನಲ್ಲಿ ಒಂದು ಸೆಟ್ಟಿಂಗ್ ಹೇಳುತ್ತೆ, ಅದನ್ನ ಇನ್ನೊಂದು ಸಾಫ್ಟ್‌ವೇರ್ ಓದಬಹುದು, ಓದದೇನೂ ಇರಬಹುದು. ಇಂಚಿನ ಟೆಂಪ್ಲೇಟಲ್ಲಿ ಶುರು ಮಾಡಿದ ಫೈಲನ್ನ ಇನ್ನೊಂದರಲ್ಲಿ ಇನ್ಸರ್ಟ್ ಮಾಡಿದ್ರೆ ಭಾಗ 25.4 ಪಟ್ಟು ದೊಡ್ಡದಾಗಿ ಬಂದು ಕೂರುತ್ತೆ. ಅಷ್ಟು ದೊಡ್ಡದಾದ್ರೆ ಪುಣ್ಯ, ಕಣ್ಣಿಗೆ ಕಾಣುತ್ತೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಹತ್ರ ಹೋಗಿ ನಾಶವಾಗಿದ್ದು ಯೂನಿಟ್ ಗೊಂದಲದಿಂದಲೇ, ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟಿದ್ದನ್ನ ಇನ್ನೊಂದು ನ್ಯೂಟನ್ ಅಂತ ತಗೊಂಡಿತ್ತು. ನಮ್ಮ ಮಟ್ಟಿಗೆ ಮದ್ದು ಸಣ್ಣದು. ಡಿಎಕ್ಸ್‌ಎಫ್ ಕಳಿಸುವಾಗ ಮೆಸೇಜಲ್ಲೇ "ಒಟ್ಟು ಉದ್ದ 240 ಎಂಎಂ, ತೂತು ಸೆಂಟರ್ 137 ಎಂಎಂ" ಅಂತ ಬರೀರಿ. ಅವರು ಅಲ್ಲಿ ಒಂದು ಸಲ ಅಳೆದು ನೋಡ್ತಾರೆ. ಅವತ್ತು ನಾನು ಇದೊಂದು ಸಾಲು ಬರೆದಿದ್ರೆ ಈ ಲೇಖನ ಇರ್ತಿರಲಿಲ್ಲ.

ಇದರ ಜೊತೆ ಸೇರಿದ್ದೇ ಸ್ಕೇಲು. ಯಾವಾಗಲೂ ಪೂರ್ತಿ ಸೈಜಿನಲ್ಲಿ ಬರೀಬೇಕು, ಒಂದಕ್ಕೆ ಒಂದು. ಎ3 ಶೀಟಿಗೆ ಹಿಡಿಸಲ್ಲ ಅಂತ ಭಾಗವನ್ನ ಅರ್ಧ ಮಾಡೋದು ಕಾಗದದ ಕಾಲದ ಅಭ್ಯಾಸ. ಕ್ಯಾಡ್‌ನಲ್ಲಿ ಚಿಕ್ಕದಾಗಬೇಕಾದ್ದು ಪ್ರಿಂಟ್ ತೆಗೆಯುವಾಗ, ಲೇಔಟಿನ ವ್ಯೂಪೋರ್ಟಲ್ಲಿ. ಅರ್ಧ ಮಾಡಿ ಬರೆದು ಡೈಮೆನ್ಷನ್ ಸ್ಕೇಲ್ ಎರಡು ಅಂತ ಕೊಟ್ರೆ ಅಂಕಿ ಸರಿ ಕಾಣುತ್ತೆ, ಗೆರೆ ಅರ್ಧ ಇರುತ್ತೆ. ಮತ್ತೆ ಅದೇ ರೋಗ.

ಗೆರೆಗಳ ಇನ್ನೊಂದು ಗುಟ್ಟು ಲೇಸರ್ ಅಂಗಡಿಯಲ್ಲೇ ಗೊತ್ತಾಗೋದು. ಸ್ಕ್ರೀನ್ ಮೇಲೆ ಮೂಲೆ ಕೂಡಿದ ಹಾಗೆ ಕಾಣುತ್ತೆ, ಜೂಮ್ ಮಾಡಿದ್ರೆ ನಡುವೆ 0.02 ಎಂಎಂ ಗ್ಯಾಪು. ಕಣ್ಣಂದಾಜಲ್ಲಿ ಗೆರೆ ಎಳೆದದ್ದಕ್ಕೆ ಇದು ಫಲ. ಎಂಡ್ ಪಾಯಿಂಟ್, ಸೆಂಟರ್, ಇಂಟರ್‌ಸೆಕ್ಷನ್ ಓಸ್ನ್ಯಾಪ್ ಹಾಕ್ಕೊಂಡೇ ಬರೀಬೇಕು, ಎಷ್ಟು ಅವಸರ ಇದ್ರೂ. ಗ್ಯಾಪ್ ಇದ್ರೆ ಕಟಿಂಗ್ ಸಾಫ್ಟ್‌ವೇರಿಗೆ ಒಳಗೆ ಯಾವುದು ಹೊರಗೆ ಯಾವುದು ಅಂತ ತಿಳಿಯಲ್ಲ, ಓಪನ್ ಕಾಂಟೂರ್ ಅಂತ ಎರರ್ ಕೊಡುತ್ತೆ. ಇದರ ಉಲ್ಟಾ ತಪ್ಪೂ ಇದೆ. ಒಂದರ ಮೇಲೊಂದು ಎರಡು ಗೆರೆ. ಕಾಪಿ ಪೇಸ್ಟ್ ಮಾಡ್ತಾ ಇದು ಗೊತ್ತಿಲ್ಲದೆ ಆಗಿಬಿಡುತ್ತೆ, ಪ್ರಿಂಟಲ್ಲಿ ಕಾಣೋದೇ ಇಲ್ಲ. ಮಷೀನು ಮಾತ್ರ ಅದೇ ದಾರಿಯಲ್ಲಿ ಎರಡು ಸಲ ಹೋಗುತ್ತೆ. ಕಳಿಸೋ ಮೊದಲು ಓವರ್‌ಕಿಲ್ ಕಮಾಂಡ್ ಓಡಿಸಿ, ಹೊರಗಿನ ಗೆರೆಗಳನ್ನ ಜಾಯಿನ್ ಮಾಡಿ ಒಂದೇ ಪಾಲಿಲೈನ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕ್ಲೋಸ್ಡ್ ಅನ್ನೋದರ ಮುಂದೆ ಯೆಸ್ ಇದೆಯಾ ನೋಡಿ. ಒಂದು ನಿಮಿಷದ ಕೆಲಸ.

ನಮ್ಮ ಕಾಲೇಜ್ ಲ್ಯಾಬಲ್ಲಿ ಸಾಲಿಡ್ ಎಡ್ಜ್, ಅದರಲ್ಲಿ ಈ ತಪ್ಪು ಬೇರೆ ವೇಷದಲ್ಲಿ ಬರುತ್ತೆ. ಸ್ಕೆಚ್ಚನ್ನ ಪೂರ್ತಿ ಕಟ್ಟಿಹಾಕದೆ ಬಿಟ್ರೆ, ಒಂದು ಅಳತೆ ಬದಲಾಯಿಸಿದಾಗ ಇನ್ನೊಂದು ಮೂಲೆ ಸದ್ದಿಲ್ಲದೆ ಸರಿಯುತ್ತೆ. ಹಾಗೇ ತೂತನ್ನ 12 ಎಂಎಂ ಆಳ ಅಂತ ಕೊಡಬೇಡಿ, ಥ್ರೂ ಆಲ್ ಅಂತ ಕೊಡಿ. ನಾಳೆ ಪ್ಲೇಟು 16 ಆದ್ರೆ ತೂತು ಅರ್ಧಕ್ಕೇ ನಿಲ್ಲಬಾರದು. ಅಂಕಿಯನ್ನಲ್ಲ, ನಮ್ಮ ಉದ್ದೇಶವನ್ನ ಕಂಪ್ಯೂಟರಿಗೆ ಹೇಳೋದು. ಈ ಯೋಚನೆ ಹೊಸದೇನಲ್ಲ. 1963ರಲ್ಲಿ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ತಮ್ಮ ಪಿಎಚ್‌ಡಿಗೆ ಮಾಡಿದ ಸ್ಕೆಚ್‌ಪ್ಯಾಡ್‌ನಲ್ಲೇ "ಈ ಗೆರೆ ಆ ಗೆರೆಗೆ ಸಮಾನಾಂತರ" ಅಂತ ಕಟ್ಟಿಹಾಕೋ ವ್ಯವಸ್ಥೆ ಇತ್ತು. ಆಟೋಕ್ಯಾಡ್ ಹುಟ್ಟಿದ್ದೇ 1982ರಲ್ಲಿ.

ಲೇಯರ್ ಬಗ್ಗೆ ಜಾಸ್ತಿ ಹೇಳಲ್ಲ, ಯೂಟ್ಯೂಬಲ್ಲಿ ರಾಶಿ ಇದೆ. (ಲೇಯರಿಗೆ ಕನ್ನಡದಲ್ಲಿ ಪದರ ಅನ್ನಬಹುದು ಅಂತ ಗೊತ್ತು. ಆದ್ರೆ ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ನೀವು ಕ್ಲಿಕ್ ಮಾಡೋ ಬಟನ್ ಮೇಲೂ ಹಾಗೇ ಇದೆ, ಕ್ಷಮಿಸಿ.) ಕತ್ತರಿಸೋ ಗೆರೆ ಒಂದು ಲೇಯರಲ್ಲಿ, ಬೆಂಡಿಂಗ್ ಗೆರೆ ಇನ್ನೊಂದರಲ್ಲಿ, ಡೈಮೆನ್ಷನ್ ಮತ್ತೊಂದರಲ್ಲಿ ಇಟ್ರೆ ಕಟಿಂಗ್ ಮಾಡೋರು ಯಾವುದನ್ನ ಅಳಿಸಬೇಕು ಅಂತ ಊಹೆ ಮಾಡೋ ಹಾಗಿಲ್ಲ. ಬೆಂಡಿಂಗ್ ಗೆರೆ ಮೇಲೆ ಲೇಸರ್ ಓಡಿದ್ರೆ ಪ್ಲೇಟು ಎರಡು ತುಂಡು. ಬಣ್ಣ ಕೊಡೋದು ಲೇಯರಿಗೆ, ಗೆರೆಗೆ ಅಲ್ಲ. ಡೆಫ್‌ಪಾಯಿಂಟ್ಸ್ ಅನ್ನೋ ಲೇಯರಲ್ಲಿ ಏನೂ ಬರೀಬೇಡಿ, ಅದು ಸ್ಕ್ರೀನಲ್ಲಿ ಕಾಣುತ್ತೆ, ಪ್ರಿಂಟಲ್ಲಿ ಬರಲ್ಲ. ನನ್ನ ರೂಮ್‌ಮೇಟ್ ಒಬ್ಬ ಇದರಿಂದ ಲ್ಯಾಬ್ ಎಕ್ಸಾಮಲ್ಲಿ ಖಾಲಿ ಶೀಟ್ ಪ್ರಿಂಟ್ ತೆಗೆದು ಪ್ರಿಂಟರಿಗೆ ಬೈದಿದ್ದಾನೆ.

ಬೆಳಗಾವಿ ಉದ್ಯಮಬಾಗ ಕಡೆ ಇಂಟರ್ನ್‌ಶಿಪ್‌ಗೆ ಹೋಗೋರಿಗೆ ಒಂದು ಮಾತು. ನಾವು ಕಲಿಯೋದು ಫಸ್ಟ್ ಆಂಗಲ್, ಟಾಪ್ ವ್ಯೂ ಫ್ರಂಟ್ ವ್ಯೂನ ಕೆಳಗೆ ಬರುತ್ತೆ. ಅಲ್ಲಿನ ಫೌಂಡ್ರಿ, ಮಷೀನ್ ಶಾಪ್‌ಗಳಿಗೆ ಹೊರದೇಶದ ಡ್ರಾಯಿಂಗೂ ಬರುತ್ತೆ, ಅಮೆರಿಕದ್ದಾದ್ರೆ ಥರ್ಡ್ ಆಂಗಲ್, ಟಾಪ್ ವ್ಯೂ ಮೇಲೆ. ಎರಡೂ ಕಡೆ ಒಂದೇ ಥರ ಇರೋ ಭಾಗಕ್ಕೆ ಏನೂ ಆಗಲ್ಲ. ಒಂದೇ ಕಡೆ ಕಿವಿ ಇರೋ ಕಾಸ್ಟಿಂಗ್ ಆದ್ರೆ ಬಲಗಡೆದು ಎಡಗಡೆ ಆಗುತ್ತೆ. ಟೈಟಲ್ ಬ್ಲಾಕಿನ ಮೂಲೆಯಲ್ಲಿ ತುದಿ ಕತ್ತರಿಸಿದ ಕೋನಿನ ಸಣ್ಣ ಚಿಹ್ನೆ ಇರುತ್ತಲ್ಲ, ಮೊದಲು ಅದನ್ನ ಓದಿ. ನೀವು ಬರೀವಾಗ ಅದನ್ನ ಹಾಕೋದು ಮರೀಬೇಡಿ. ಇನ್ನೊಂದು, ಕಾಸ್ಟಿಂಗ್ ಆರಿದಾಗ ಕುಗ್ಗುತ್ತೆ, ಗ್ರೇ ಐರನ್ ಸುಮಾರು ನೂರಕ್ಕೆ ಒಂದರಷ್ಟು. ಆ ಅಲೊಯನ್ಸ್ ಸೇರಿಸೋದು ಪ್ಯಾಟರ್ನ್ ಮಾಡೋರು. ಬುದ್ಧಿವಂತರಾಗಿ ನೀವೂ ಡ್ರಾಯಿಂಗಲ್ಲಿ ಸೇರಿಸಿದ್ರೆ ಎರಡು ಸಲ ಸೇರುತ್ತೆ.

ಇನ್ನು ಫೈಲಿನ ಹೆಸರು. "ಪ್ಲೇಟ್ ಫೈನಲ್", "ಪ್ಲೇಟ್ ಫೈನಲ್ 2", "ಪ್ಲೇಟ್ ಫೈನಲ್ ಒರಿಜಿನಲ್ ನೋಡ್ರಿ ಇದು". ಎಲ್ಲರ ಪೆನ್‌ಡ್ರೈವಲ್ಲೂ ಇವೆ. ಲ್ಯಾಬಲ್ಲಿ ತಮಾಷೆ, ಶೆಡ್ಡಲ್ಲಿ ಅಪಾಯ, ಯಾಕಂದ್ರೆ ಹಳೇ ಪ್ರಿಂಟು ಗೋಡೆಗೆ ಅಂಟಿಸಿರುತ್ತೆ, ಹಳೇ ಪಿಡಿಎಫ್ ಯಾರದ್ದೋ ವಾಟ್ಸಾಪಲ್ಲಿ ಇರುತ್ತೆ. ಈಗ ನಾನು ಭಾಗದ ನಂಬರ್, ರಿವಿಷನ್ ಅಕ್ಷರ, ತಾರೀಖು, ಈ ಮೂರು ಬಿಟ್ಟು ಬೇರೇನೂ ಬರೆಯಲ್ಲ. ಶೀಟಿನ ಒಳಗೂ ಅದೇ ರಿವಿಷನ್ ಇರಬೇಕು, ಮತ್ತೆ ಏನು ಬದಲಾಯ್ತು ಅಂತ ಒಂದು ಸಾಲು: "ಬಿ: ಬೋಲ್ಟ್ ಸೆಂಟರ್ 127 ಇದ್ದದ್ದು 137". ಹೊಸ ಪ್ರಿಂಟ್ ಕೊಟ್ಟಾಗ ಹಳೇದನ್ನ ಕೈಯಾರೆ ವಾಪಸ್ ಇಸ್ಕೊಂಡು ಹರಿದು ಹಾಕ್ತೀನಿ. ಮೇಸ್ತ್ರಿಗೆ ಇದು ಬಹಳ ಹಿಡಿಸ್ತು.

ಸಾಫ್ಟ್‌ವೇರ್ ವರ್ಷನ್ನೂ ಮುಂಚೆನೇ ಕೇಳಿ. ಹೊಸದರಲ್ಲಿ ಸೇವ್ ಮಾಡಿದ್ದು ಹಳೇದರಲ್ಲಿ ತೆರೆಯದೇ ಇರಬಹುದು, ಸೇವ್ ಆ್ಯಸ್‌ನಲ್ಲಿ ಹಳೇ ಫಾರ್ಮ್ಯಾಟ್ ಆರಿಸಬೇಕಾಗುತ್ತೆ. ನಮ್ಮದು ಬಿಡಿ, ಏರ್‌ಬಸ್‌ನವರೇ ಇದರಲ್ಲಿ ಬಿದ್ದಿದ್ದಾರೆ. ಎ380 ವಿಮಾನದ ವೈರಿಂಗನ್ನ ಜರ್ಮನಿಯ ಹ್ಯಾಂಬರ್ಗ್‌ನವರು ಕ್ಯಾಟಿಯಾ ವಿ4ನಲ್ಲಿ ಡಿಸೈನ್ ಮಾಡ್ತಿದ್ರು, ಫ್ರಾನ್ಸಿನ ಟುಲೂಸ್‌ನವರು ವಿ5ರಲ್ಲಿ. ವಿಮಾನ ಜೋಡಿಸುವಾಗ ಎಷ್ಟೋ ವೈರ್ ಕಟ್ಟುಗಳು ಉದ್ದ ಸಾಲಲಿಲ್ಲ, 2006ರಲ್ಲಿ ಡೆಲಿವರಿ ತಡ ಅಂತ ಘೋಷಿಸಬೇಕಾಯ್ತು.

ಕರೆಂಟ್ ಬಗ್ಗೆ ನಿಮಗೆ ಹೇಳೋದು ಬೇಕಿಲ್ಲ. ಆಟೋಕ್ಯಾಡ್ ಸುಮ್ಮನಿದ್ರೆ 10 ನಿಮಿಷಕ್ಕೊಮ್ಮೆ ಆಟೋಸೇವ್ ಮಾಡುತ್ತೆ, ನಮ್ಮೂರಿಗೆ 3 ನಿಮಿಷ ಇಟ್ಕೊಳ್ಳಿ. ಫೈಲು ಕೆಟ್ರೆ ಅದೇ ಫೋಲ್ಡರಲ್ಲಿ ಬಿಎಕೆ ಅಂತ ಹಿಂದಿನ ಸೇವ್ ಇರುತ್ತೆ, ಅದರ ಕೊನೇ ಅಕ್ಷರಗಳನ್ನ ಡಿಡಬ್ಲ್ಯುಜಿ ಅಂತ ಬದಲಾಯಿಸಿದ್ರೆ ತೆರೆಯುತ್ತೆ. ಆ ಫೈಲನ್ನ ಕಸ ಅಂತ ಡಿಲೀಟ್ ಮಾಡೋರು ಇದ್ದಾರೆ.

ಈಗ ಕಳಿಸೋ ಮೊದಲು ಎರಡು ಕೆಲಸ ಮಾಡ್ತೀನಿ. ಒಂದು, ಕಳಿಸಬೇಕಾದ ಡಿಎಕ್ಸ್‌ಎಫ್ ಫೈಲನ್ನೇ ಹೊಸದಾಗಿ ತೆರೆದು, ಡೈಮೆನ್ಷನ್ ಎಲ್ಲ ಅಳಿಸಿ, ಬರೀ ಗೆರೆಗಳನ್ನ ಡಿಸ್ಟೆನ್ಸ್ ಕಮಾಂಡಲ್ಲಿ ಅಳೀತೀನಿ, ಮಷೀನು ನೋಡೋ ಹಾಗೆ. ಎರಡು, ಕಾಗದದ ಮೇಲೆ ಪ್ರಿಂಟ್ ತೆಗೆದು ಒಂದೊಂದೇ ಅಂಕಿಗೆ ಪೆನ್ಸಿಲ್ಲಿಂದ ಟಿಕ್ ಹಾಕ್ತೀನಿ. ಸ್ಕ್ರೀನಲ್ಲಿ ಕಾಣದ ತಪ್ಪು ಕಾಗದದಲ್ಲಿ ಯಾಕೆ ಕಾಣುತ್ತೋ ದೇವರಿಗೇ ಗೊತ್ತು, ಆದ್ರೆ ಕಾಣುತ್ತೆ. ಸಾಧ್ಯ ಆದ್ರೆ ಟಿಕ್ ಹಾಕೋಕೆ ಬೇರೆಯವರಿಗೆ ಕೊಡಿ. ದೀಪಾವಳಿ ರಜೆಯಲ್ಲಿ ಮತ್ತೆ ಆ ಶೆಡ್ಡಿಗೆ ಹೋಗಿದ್ದೆ, ಮೋಟರ್ ಬೇಸಿನ ಡ್ರಾಯಿಂಗ್ ಕೊಟ್ರು. ಮೇಸ್ತ್ರಿ ಪ್ರಿಂಟಿನ ಮೇಲೆ ಮೋಟರನ್ನೇ ತಂದು ಇಟ್ಟು, ತೂತಿನ ಜಾಗಕ್ಕೆ ಕಣ್ಣು ಹಾಕಿ ನೋಡಿ ಆಮೇಲೆ ಹೂಂ ಅಂದ್ರು. ಅದಕ್ಕೋಸ್ಕರ ಆ ಒಂದು ಪ್ರಿಂಟನ್ನ ಪೂರ್ತಿ ಸೈಜಲ್ಲಿ ತೆಗೆದಿದ್ದೆ.

ಇದೆಲ್ಲ ಸೆಟ್ ಮಾಡಿಟ್ಟ ಒಂದು ಟೆಂಪ್ಲೇಟ್ ಫೈಲ್ ನನ್ನ ಹತ್ರ ಇದೆ, ಎಂಎಂ ಯೂನಿಟ್ಟು, ಲೇಯರು, ಫಸ್ಟ್ ಆಂಗಲ್ ಚಿಹ್ನೆ, ರಿವಿಷನ್ ಖಾನೆ ಎಲ್ಲ ಹಾಕಿ. ಬೇಕಾದವರು ಸಂಘದ ಗ್ರೂಪಲ್ಲಿ ಕೇಳಿ, ಕಳಿಸ್ತೀನಿ. ಟೈಟಲ್ ಬ್ಲಾಕಿನ "ಡ್ರಾನ್ ಬೈ" ಜಾಗದಲ್ಲಿ ನನ್ನ ಹೆಸರಿದೆ, ಅದನ್ನ ಮಾತ್ರ ತೆಗೆದು ನಿಮ್ಮದು ಹಾಕ್ಕೊಳ್ಳಿ.